21 ದಿನ ನೀರು ಹಾಕದೆ ಪರೀಕ್ಷಿಸಿ ಮನೆಯೊಳಗಿನ ಗಿಡ ಆಯ್ಕೆ ಮಾಡಿದ್ದು: ನನ್ನ ಅನುಭವ

ಕಳೆದ ಮೇ ತಿಂಗಳಲ್ಲಿ ತಂಗಿಯ ಬಾಣಂತನಕ್ಕೆಂದು ಧಾರವಾಡಕ್ಕೆ ಹೋದವಳು 24 ದಿನ ಅಲ್ಲೇ ಉಳಿದೆ. ಮನೆಗೆ ಬೀಗ. ತಿರುಗಿ ಬಂದು ಬಾಗಿಲು ತೆಗೆದಾಗ ಹಾಲ್ ತುಂಬ ರೊಟ್ಟಿ ಹಂಚಿನಂಥ ಕಾವು. ನೇರ ಕುಂಡಗಳ ಕಡೆ ಹೋದೆ. 17ರಲ್ಲಿ ಒಂದೂ ಸತ್ತಿರಲಿಲ್ಲ. ಜೇಡ್ ಗಿಡದ ಎಲೆ ಸುಕ್ಕಾಗಿದ್ದವು, ನೀರು ಕುಡಿದು ಮೂರನೇ ದಿನಕ್ಕೆ ಮತ್ತೆ ಉಬ್ಬಿದವು. "ರಾಯಚೂರು ಬ್ಯಾಸಿಗಿಯೊಳಗ ಮನಿಯೊಳಗ ಗಿಡ ಉಳಿಯಂಗಿಲ್ರಿ ಟೀಚರ್, ಪ್ಲಾಸ್ಟಿಕ್ಕಿನವು ತಂದಿಡ್ರಿ" ಅಂದಿದ್ದ ನಮ್ಮ ಸ್ಟಾಫ್ ರೂಮಿನವರೆಲ್ಲ ಈಗ ನನ್ನ ಹತ್ತಿರ ಸಸಿ ಕೇಳುತ್ತಿದ್ದಾರೆ.

ಮೊದಲು ಹಾಳಾದ ಲೆಕ್ಕ ಹೇಳಿಬಿಡುತ್ತೇನೆ. ನಾನು ಬೆಳಗ್ಗೆ ಏಳೂವರೆಗೆ ಮಾನ್ವಿ ಬಸ್ ಹಿಡಿದರೆ ಮನೆ ಸೇರುವುದು ಸಂಜೆ ಆರೂವರೆಗೆ. ಮನೆಯವರು ಲಿಂಗಸುಗೂರಿನಲ್ಲಿ, ವಾರಕ್ಕೊಮ್ಮೆ ಬರುತ್ತಾರೆ. ಮೊದಲ ವರ್ಷ ನೋಡೋಕೆ ಚೆಂದ ಇದ್ದದ್ದನ್ನೆಲ್ಲ ತಂದೆ. ಅರೆಕಾ ಪಾಮ್ ಎರಡು, ಒಂದಕ್ಕೆ 350 ರೂಪಾಯಿ. ಪೀಸ್ ಲಿಲ್ಲಿ, ಸ್ಪೈಡರ್ ಪ್ಲಾಂಟ್, ಕಲಾಥಿಯಾ. ಪಿಂಗಾಣಿ ಕುಂಡ ಸೇರಿ ಹೆಚ್ಚುಕಡಿಮೆ ಐದು ಸಾವಿರ ಹೋಯಿತು. ನಮ್ಮ ಕಡೆಯ ನರ್ಸರಿಗಳಿಗೆ ಬಹಳಷ್ಟು ಗಿಡ ಆಂಧ್ರದ ಕಡಿಯಂನಿಂದ ಲಾರಿಯಲ್ಲಿ ಬರುತ್ತವೆ. ಗೋದಾವರಿ ದಂಡೆಯ ತೇವದ ಗಾಳಿಯಲ್ಲಿ ಬೆಳೆದವು, ಇಲ್ಲಿಯ 43 ಡಿಗ್ರಿಯ ಒಣ ಗಾಳಿಗೆ ಹೇಗೆ ತಡೆದಾವು? ಕಲಾಥಿಯಾ ಒಂಬತ್ತೇ ದಿನಕ್ಕೆ ಹಪ್ಪಳವಾಯಿತು.

ಆದರೆ ಬಿಸಿಲಿಗಿಂತ ಹೆಚ್ಚು ಕೊಂದದ್ದು ನೀರು. ಇದನ್ನು ತಿಳಿಯಲು ನನಗೆ ಒಂದು ವರ್ಷ ಬೇಕಾಯಿತು. ಬೋರ್‌ವೆಲ್ ನೀರು ಹಾಕಿದ ಕುಂಡದ ಅಂಚಿಗೆ ಬಿಳಿ ಪಟ್ಟಿ ಕಟ್ಟುತ್ತಿತ್ತು, ಉಗುರಲ್ಲಿ ಕೆರೆದರೆ ಸುಣ್ಣದಂತೆ ಪುಡಿಪುಡಿ. ಸ್ಪೈಡರ್ ಪ್ಲಾಂಟಿನ ತುದಿಗಳು ಅಗರಬತ್ತಿ ತಾಗಿಸಿದ ಹಾಗೆ ಕಂದಾದವು. ಫ್ಲೋರೈಡ್ ನಮ್ಮ ಜಿಲ್ಲೆಯ ಹಳೇ ಸಂಕಟ, ಆ ಗಿಡಕ್ಕೂ ಅದು ಆಗಿಬರುವುದಿಲ್ಲ. ನೀರು ಪೋಲಾಗಬಾರದು ಅಂತ ಆರ್‌ಓ ಫಿಲ್ಟರ್ ಹೊರಗೆ ಬಿಡುವ ನೀರನ್ನು ಹಿಡಿದು ಹಾಕಿದೆ, ಇನ್ನೂ ಕೆಟ್ಟಿತು. ಏರ್‌ಕೂಲರ್ ತೊಟ್ಟಿಯ ತಳದ ನೀರನ್ನು ಹಾಕಿದೆ, ಅದು ಎಲ್ಲಕ್ಕಿಂತ ಕೇಡು. ದಿನವಿಡೀ ನೀರು ಆರಿ ಆರಿ ಉಪ್ಪೆಲ್ಲ ಅಲ್ಲೇ ಕೂತಿರುತ್ತದೆ. ಒಂದೇ ತಿಂಗಳಲ್ಲಿ ನಾಲ್ಕು ಗಿಡ ಹೋದವು. ಕೊನೆಗೆ ಕೈಹಿಡಿದದ್ದು ಎಸಿ ಪೈಪಿನಿಂದ ತೊಟ್ಟಿಕ್ಕುವ ನೀರು. ಮಳೆಗಾಲದಲ್ಲಿ ಮಾಳಿಗೆ ನೀರನ್ನೂ ಎರಡು ಡ್ರಮ್ ಹಿಡಿದಿಡುತ್ತೇನೆ.

ಮಣ್ಣಿನಲ್ಲೂ ಪೆಟ್ಟು ತಿಂದೆ. ಸಿಂಧನೂರು ಹೊಲದ ಎರೆ ಮಣ್ಣು ತಂದು ತುಂಬಿದ್ದೆ, ಊರ ಮಣ್ಣು ಅನ್ನುವ ಅಭಿಮಾನ. ಒಣಗಿದರೆ ಕುಂಡದ ಗೋಡೆ ಬಿಟ್ಟು ಬೆರಳು ತೂರುವಷ್ಟು ಬಿರುಕು. ಹಾಕಿದ ನೀರು ಬಿರುಕಿನಲ್ಲೇ ಇಳಿದು ತಟ್ಟೆಗೆ ಬರುತ್ತಿತ್ತು. ಮತ್ತೆ ಮತ್ತೆ ಹಾಕಿದರೆ ನಡುವಿನ ಹೆಂಟೆ ಹಸಿಯಾಗೇ ಉಳಿದು ಬೇರು ಕೊಳೆಯುತ್ತಿತ್ತು. ಆಮೇಲೆ ರೈಸ್ ಮಿಲ್ಲಿನ ಹಸಿ ಹೊಟ್ಟು ಬೆರೆಸಿದೆ. ಅದರಲ್ಲಿದ್ದ ಕಾಳು ಮೊಳೆತು ಹಾಲ್‌ನಲ್ಲೇ ಭತ್ತದ ಸಸಿ ಎದ್ದವು! ಈಗ ಕಪ್ಪಗೆ ಸುಟ್ಟ ಹೊಟ್ಟು, ದಪ್ಪ ಮರಳು, ಸ್ವಲ್ಪ ಕೆಂಪು ಮಣ್ಣು. ಅಳತೆ ಹೇಳುವುದಿಲ್ಲ, ಅದಕ್ಕೆ ಎರಡು ವರ್ಷ ಸವೆಸಿದ್ದೇನೆ.

ಗಿಡ ಆರಿಸುವ ಪರೀಕ್ಷೆಗೆ ಬರುತ್ತೇನೆ. ಯಾವ ಜಾತಿಯಾದರೂ ಒಂದೇ ತರುವುದು, ಸಣ್ಣದು, 100 ರೂಪಾಯಿ ಒಳಗಿನದು. ಮಣ್ಣು ಬದಲಿಸಿ ಹತ್ತು ದಿನ ಸುಧಾರಿಸಿಕೊಳ್ಳಲು ಬಿಡುವುದು. ಒಮ್ಮೆ ತುಂಬ ನೀರು ಕೊಟ್ಟು, ಅದು ಮುಂದೆ ಎಲ್ಲಿ ಇರಬೇಕೋ ಅಲ್ಲೇ ಇಟ್ಟು, 21 ದಿನ ಮುಟ್ಟಬಾರದು. ಅದೂ ಮಾರ್ಚ್ ನಂತರ. ಮಳೆಗಾಲದಲ್ಲಿ ಯಾವ ಗಿಡವಾದರೂ ಪಾಸಾಗುತ್ತದೆ. "ಜೀವ ಇರೂ ಗಿಡಕ್ಕ ಉಪವಾಸ ಕೆಡವ್ತಿಯೇನ?" ಅಂತ ಅತ್ತೆ ಬೇಜಾರಾಗಿ ಕದ್ದು ಒಂದು ತಂಬಿಗೆ ನೀರು ಹಾಕಿದ್ದರಿಂದ ಒಂದು ಸುತ್ತು ಮೊದಲಿನಿಂದ ಮಾಡಬೇಕಾಯಿತು.

ಸುಮಾರು 14 ಜಾತಿ ನೋಡಿದೆ. ಉಳಿದದ್ದು ಸ್ನೇಕ್ ಪ್ಲಾಂಟ್, ಜೀಜೀ (ZZ ಪ್ಲಾಂಟ್), ಕಿಟಕಿ ಬೆಳಕಿದ್ದ ಕಡೆ ಜೇಡ್ ಮತ್ತು ಲೋಳೆಸರ. ಮನಿ ಪ್ಲಾಂಟ್ ಮಣ್ಣಲ್ಲಿ 13ನೇ ದಿನಕ್ಕೇ ಜೋತುಬಿತ್ತು, ಆದರೆ ಎಸಿ ನೀರಿನ ಬಾಟಲಿಯಲ್ಲಿ ಎರಡು ವರ್ಷದಿಂದ ಇದೆ. ಸ್ನೇಕ್ ಪ್ಲಾಂಟನ್ನು ಪಶ್ಚಿಮದ ಗಾಜಿಗೆ ತಾಗಿಸಿ ಇಡಬೇಡಿ, ಏಪ್ರಿಲ್‌ನಲ್ಲಿ ನನ್ನದೊಂದು ಬೆಂದು ಬಿಳಿಚಿತು. ಜೀಜೀ ಎಲೆ ಮಕ್ಕಳ ಬಾಯಿಗೆ ಹೋಗಬಾರದು, ಎತ್ತರದಲ್ಲಿಡಿ.

ನಡುವೆ ಬತ್ತಿ ಕಟ್ಟಿ ನೀರೂಡಿಸುವುದನ್ನೂ ನೋಡಿದೆ, ಬತ್ತಿಯ ಒಂದು ತುದಿ ನೀರಿನಲ್ಲಿ, ಇನ್ನೊಂದು ಕುಂಡದ ಮಣ್ಣಿನಲ್ಲಿ. ಹತ್ತಿಯ ಬತ್ತಿ ಒಂದೂವರೆ ತಿಂಗಳಿಗೆ ಕೊಳೆತು ನಾರಿತು. ನೈಲಾನ್ ಲಾಡಿ ಚೆನ್ನಾಗಿ ಎಳೆಯುತ್ತದೆ, ಆದರೆ ನನ್ನ ಗಿಡಗಳಿಗೆ ಅಷ್ಟು ನೀರೇ ಬೇಕಿಲ್ಲ ಎಂದು ಕೈಬಿಟ್ಟೆ. ಜೀಜೀಯ ಬಿಡಿ ಎಲೆ 15 ನೆಟ್ಟೆ, ಐದು ತಿಂಗಳಿಗೆ 9ರಲ್ಲಿ ಗೆಡ್ಡೆ ಕಟ್ಟಿತು. ಹಳದಿ ಅಂಚಿನ ಸ್ನೇಕ್ ಪ್ಲಾಂಟಿನ ಎಲೆ ತುಂಡು ನೆಟ್ಟರೆ ಬರೀ ಹಸಿರು ಮರಿ ಬರುತ್ತವೆ, ಅಂಚು ಬೇಕಿದ್ದರೆ ಬುಡ ಸೀಳಿಯೇ ಬೇರೆ ಮಾಡಬೇಕು. ಹಾಗೆ ಬೇರೆ ಮಾಡಿದ ಹತ್ತು ಹನ್ನೊಂದು ಕುಂಡ ತಲಾ 120 ರೂಪಾಯಿಯಂತೆ ಕೊಟ್ಟೆ. ಮೊದಲು ನನಗೆ ಅರೆಕಾ ಮಾರಿದ ಅಂಗಡಿಯವರೇ ನಾಲ್ಕು ಒಯ್ದರು. ಬುಡ ಸೀಳಿದ ಗಾಯಕ್ಕೆ ಏನು ಸವರುತ್ತೇನೆ ಅಂತ ಅವರೂ ಕೇಳಿದರು, ನಗುತ್ತ ಚಹಾ ಕೊಟ್ಟು ಕಳಿಸಿದೆ.

ಈಗ ಪರೀಕ್ಷೆಗೆ ಇಟ್ಟಿರುವುದು ಮಂಗರವಳ್ಳಿ. ಚಟ್ನಿಗೆ ತಂದದ್ದರಲ್ಲಿ ಎರಡು ಗೆಣ್ಣಿನ ಒಂದು ತುಂಡು ಉಳಿಸಿ ನೆಟ್ಟಿದ್ದೆ. ನೀರು ನಿಲ್ಲಿಸಿ ಇವತ್ತಿಗೆ 13 ದಿನ. ನಿನ್ನೆ ಸಂಜೆ ನೋಡಿದರೆ ಎಳೆ ಕುಡಿಯೊಂದು ಕಿಟಕಿ ಸರಳಿಗೆ ಒಂದು ಸುತ್ತು ಹಾಕಿತ್ತು.