ಅಡಿಕೆ ತೋಟದಲ್ಲಿ ಹಾರುವ ಓತಿ, ಸಿಸಿಲಿಯನ್, ಕಾಡುಪಾಪ: ನಾನು ನೋಡುವ ಕ್ರಮ

ಹಾರುವ ಓತಿಯನ್ನು ನೋಡಲು ಸೋಮೇಶ್ವರ ಅಭಯಾರಣ್ಯದ ಒಳಗೇ ಹೋಗಬೇಕೆಂದಿಲ್ಲ. ಹೆಬ್ರಿ ಕಡೆಯ ಹಳೆಯ ಅಡಿಕೆ ತೋಟ, ತೋಟದವರ ಒಪ್ಪಿಗೆ, 8×42ರ ಒಂದು ಬೈನಾಕ್ಯುಲರ್ ಇದ್ದರೆ ಸಾಕು. ಏಷ್ಯಾದ ಪ್ರಾಣಿಗಳೆಂದರೆ ಹುಲಿ, ಆನೆ, ಪಾಂಡಾ ಎಂದು ಬಾಯಿಪಾಠ ಮಾಡಿದವರಿಗೂ ತಮ್ಮ ಹಿತ್ತಲಿನ ಈ ಜೀವಿಗಳ ಪರಿಚಯ ಇರುವುದಿಲ್ಲ. ಅವು ಅಪರೂಪವೆಂಬುದಕ್ಕಿಂತ ನಾವು ನೋಡುವ ಹೊತ್ತು, ನೋಡುವ ಎತ್ತರ ಎರಡೂ ತಪ್ಪಾಗಿರುವುದೇ ಇದಕ್ಕೆ ಹೆಚ್ಚಿನ ಕಾರಣ. ಓತಿಗೆ ಬೆಳಗಿನ ಬಿಸಿಲು ಮತ್ತು ಮರದ ಕಾಂಡ, ಮಣ್ಣಿನೊಳಗಿನ ಕಾಲಿಲ್ಲದ ಸಿಸಿಲಿಯನ್‌ಗೆ ಮಳೆಗಾಲ ಮತ್ತು ಒಂದು ಗೇಣು ಮಣ್ಣು, ಲೋರಿಸ್ ಎಂದೂ ಕರೆಯುವ ಕಾಡುಪಾಪಕ್ಕೆ ರಾತ್ರಿ ಮತ್ತು ಬೇಲಿಯ ಬಳ್ಳಿ. ನನ್ನ ಹುಡುಕಾಟವೆಲ್ಲ ಈ ಲೆಕ್ಕದ ಮೇಲೆಯೇ.

ಡ್ರಾಕೋ ಕುಲದ ಈ ಹಾರುವ ಓತಿಗಳಲ್ಲಿ ಹೆಚ್ಚಿನವು ಆಗ್ನೇಯ ಏಷ್ಯಾದವು. ನಮ್ಮ ಪಶ್ಚಿಮ ಘಟ್ಟದ ಪಾಲಿಗಿರುವುದು ಡ್ರಾಕೋ ಡುಸುಮಿಯೇರಿ. ಬೂದು ಮೈ, ಕಲ್ಲುಹೂವಿನ ಕಲೆಗಳಂಥ ಮಚ್ಚೆ. ಅಡಿಕೆ ಮರಕ್ಕೆ ಅಂಟಿ ಕೂತರೆ ಎದುರಿನಿಂದ ಕಾಣುವುದೇ ಇಲ್ಲ. ಆದ್ದರಿಂದ ಕಾಂಡದ ನಡುವನ್ನು ನೋಡದೆ ಅದರ ಎರಡೂ ಅಂಚಿನ ಗೆರೆಯನ್ನು ಬುಡದಿಂದ ಮೇಲಕ್ಕೆ ನೋಡುತ್ತಾ ಹೋಗಬೇಕು. ಅಂಚಿನಲ್ಲಿ ಸಣ್ಣ ಉಬ್ಬು ಕಂಡರೆ ಅಲ್ಲೇ ನಿಲ್ಲಿ. ಗಂಡಾದರೆ ಸ್ವಲ್ಪ ಹೊತ್ತಿನಲ್ಲಿ ಗಂಟಲ ಕೆಳಗಿನ ಹಳದಿ ಚೀಲವನ್ನು ಮುಂದಕ್ಕೆ ಚಾಚಿ ಮಡಚುತ್ತದೆ. ತೋಟದ ನೆರಳಿನಲ್ಲಿ ಆ ಹಳದಿ ದೂರಕ್ಕೂ ಕಾಣುತ್ತದೆ. ಬೆಳಿಗ್ಗೆ ಎಂಟರಿಂದ ಹನ್ನೊಂದು ಒಳ್ಳೆಯ ಹೊತ್ತು. ಮೋಡ ಕವಿದ ದಿನ ಹೋಗಿ ಪ್ರಯೋಜನ ಕಡಿಮೆ.

ಹತ್ತಿರ ಹೋದರೆ ಅದು ಹಾರುವುದಕ್ಕಿಂತ ಮೊದಲು ಕಾಂಡದ ಆಚೆ ಬದಿಗೆ ಸರಿಯುತ್ತದೆ. ನೀವು ಸುತ್ತು ಹಾಕಿದರೆ ಅದೂ ಸುತ್ತು ಹಾಕುತ್ತದೆ. ಎಂಟು ಹತ್ತು ಮೀಟರ್ ದೂರದಲ್ಲಿ ಕದಲದೆ ನಿಂತರೆ ಇರುವೆ ಹೆಕ್ಕುತ್ತಾ ತಾನೇ ಮೇಲೇರಿ, ಎತ್ತರದಿಂದ ಮುಂದಿನ ಮರಕ್ಕೆ ಜಿಗಿಯುತ್ತದೆ. ಇಳಿಯುವುದು ಆ ಮರದ ಕೆಳಭಾಗಕ್ಕೆ. ಹಾಗಾಗಿ ಫೋಟೋ ಬೇಕಾದವರು ಓತಿಯ ಹಿಂದೆ ಕ್ಯಾಮೆರಾ ತಿರುಗಿಸುವ ಬದಲು ಪಕ್ಕದ ಮರದ ಕೆಳಭಾಗಕ್ಕೆ ಫೋಕಸ್ ಕಟ್ಟಿ, ಶಟರ್ 1/2000ಕ್ಕೆ ಇಟ್ಟು ಕಾಯಬೇಕು. ರೆಕ್ಕೆಯ ಪೊರೆಯನ್ನು ಬಿಡಿಸಿ ಹಿಡಿಯುವುದು ಉದ್ದವಾಗಿ ಬೆಳೆದ ಪಕ್ಕೆಲುಬುಗಳು. ಆದರೆ ಜಿಗಿದ ಕೂಡಲೇ ಓತಿ ಮುಂಗಾಲುಗಳನ್ನು ಹಿಂದಕ್ಕೆ ತಂದು ಪೊರೆಯ ಮುಂದಿನ ಅಂಚನ್ನು ಹಿಡಿದುಕೊಳ್ಳುತ್ತದೆ, ಇಳಿಯುವ ಹೊತ್ತಿಗೆ ಬಿಡುತ್ತದೆ. ಇದನ್ನು ವಿವರಿಸಿದ 2017ರ ಅಧ್ಯಯನ ನಡೆದದ್ದು ಘಟ್ಟದ ಮೇಲೆ ಆಗುಂಬೆಯಲ್ಲಿ, ಪಾಳುಬಿದ್ದ ಅಡಿಕೆ ತೋಟದಲ್ಲಿ. ನಿಮ್ಮ ಚಿತ್ರದಲ್ಲಿ ಮುಂಗಾಲು ಎಲ್ಲಿದೆ ಎಂದು ದೊಡ್ಡದು ಮಾಡಿ ನೋಡಿ. ನನಗಂತೂ ಆ ಹಿಡಿತಕ್ಕಿಂತ ಸೊಗಸಾದ ದೃಶ್ಯ ತೋಟದಲ್ಲಿ ಬೇರೆ ಇಲ್ಲ.

ಮರ ಏರುವವರನ್ನು ಕೇಳುವುದು ಬಹಳ ಉಪಯೋಗ. "ಅಣ್ಣಾ, ಹಾರುವ ಓತಿ ಯಾವ ಬದಿಯಲ್ಲಿ ಜಾಸ್ತಿ ಉಂಟು?" ಎಂದರೆ ನೇರ ಆ ಸಾಲಿಗೇ ಕರೆದುಕೊಂಡು ಹೋಗುತ್ತಾರೆ.

ಸಿಸಿಲಿಯನ್ ಕಪ್ಪೆಯ ಬಂಧು, ಕಾಲಿಲ್ಲದ ಉಭಯಜೀವಿ. ಗುರುಪುರದ ಹತ್ತಿರ ಸಿಕ್ಕಿದ ಗೆಗೆನಿಯೋಫಿಸ್ ಕೃಷ್ಣಿ ಎಂಬ ಜಾತಿಯನ್ನು ವಿಜ್ಞಾನಿಗಳು 1999ರಲ್ಲಿ ಹೆಸರಿಸಿದರು. ಅಂದರೆ ಮಂಗಳೂರಿನಿಂದ ಬಸ್ಸಿನಲ್ಲಿ ಹೋಗಿಬರುವಷ್ಟು ಹತ್ತಿರ. ಮಣ್ಣು ಚೆನ್ನಾಗಿ ನೆನೆದ ಮೇಲೆ, ಜೂನ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ, ಕೊಳೆತ ಸೋಗೆಯ ರಾಶಿ, ಗೊಬ್ಬರ ಗುಂಡಿಯ ಬದಿ, ಕಣಿಯ (ತೋಟದ ನೀರು ಹರಿಯುವ ಕಾಲುವೆ) ಅಂಚಿನ ಕಲ್ಲಿನಡಿ ನೋಡುತ್ತೇನೆ. ಹಾರೆ ಬೇಡ, ಅದರ ಬಾಯಿಗೆ ಸಿಕ್ಕಿ ಪ್ರಾಣಿ ತುಂಡಾಗುತ್ತದೆ. ಹಲ್ಲಿರುವ ಕೈ ಉಪಕರಣದಿಂದ ಮೇಲಿನ 15–20 ಸೆಂಟಿಮೀಟರ್ ಮಣ್ಣನ್ನು ಬದಿಯಿಂದ ಸಡಿಲಿಸಿದರೆ ಸಾಕು. ಕಾಲಿಗೆ ಗಂಬೂಟು ಇರಲಿ. ಕಲ್ಲನ್ನು ಎತ್ತುವಾಗ ತೆರೆದ ಬದಿ ನಿಮ್ಮ ಆಚೆಗಿರಬೇಕು. ಕೆಳಗೆ ಮಂಡಲದ ಹಾವೋ ಚೇಳೋ ಇದ್ದರೆ ಅದಕ್ಕೆ ಹೊರಗೆ ಹೋಗಲು ದಾರಿ ಬೇಕಲ್ಲ. ಮರಳಿ ಇಡುವಾಗ ಮೊದಲು ಕಲ್ಲು, ಆಮೇಲೆ ಪ್ರಾಣಿ: ಪಕ್ಕದಲ್ಲಿ ಬಿಟ್ಟರೆ ತಾನೇ ಒಳಗೆ ನುಗ್ಗುತ್ತದೆ. ಕ್ರಮ ತಿರುಗಿದರೆ ಕಲ್ಲಿನಡಿ ಜಜ್ಜಿಹೋಗುತ್ತದೆ.

ಎರೆಹುಳು, ಕುರುಡು ಹಾವು, ಸಿಸಿಲಿಯನ್ ಮೂರೂ ಒಂದೇ ನೆಲದಲ್ಲಿ ಸಿಗುವುದರಿಂದ ಗೊಂದಲ ಸಹಜ. ಎರೆಹುಳು ಉದ್ದವಾಗಿ ಗಿಡ್ಡವಾಗಿ ಹರಿಯುತ್ತದೆ, ಅದಕ್ಕೆ ಎಲುಬಿಲ್ಲ. ಕುರುಡು ಹಾವಿನ ಮೈ ಒಣ, ನುಣುಪು ಹುರುಪೆ, ನಾಲಗೆ ಹೊರಗೆ ಚಾಚುತ್ತದೆ. ಸಿಸಿಲಿಯನ್ ಲೋಳೆಮೈಯದು, ಮೈಯುದ್ದಕ್ಕೂ ಉಂಗುರ, ಬಾಯಿ ತೆರೆದರೆ ದವಡೆ ಕಾಣುತ್ತದೆ. ಕಣ್ಣಿನ ಚುಕ್ಕೆ ಹೊರಗೆ ಕಾಣುತ್ತಿದ್ದು ಗುದದ ಆಚೆ ಗಿಡ್ಡ ಬಾಲವೂ ಇದ್ದರೆ ಇಕ್ತಿಯೋಫಿಸ್ ಕುಲ; ಕಣ್ಣು ಕಾಣದೆ, ಬಾಲವೂ ಇಲ್ಲದಿದ್ದರೆ ಗೆಗೆನಿಯೋಫಿಸ್ ಇರಬಹುದು. ತಲೆಯ ಪಕ್ಕ, ಮೈಯ ನಡು, ಹಿಂದಿನ ತುದಿ, ಈ ಮೂರು ಫೋಟೋಗಳನ್ನು ಅಳತೆಪಟ್ಟಿಯೊಂದನ್ನು ಪಕ್ಕದಲ್ಲಿಟ್ಟು ತೆಗೆಯಿರಿ. ಜಾತಿಯ ಹೆಸರಿಗೆ ಉಂಗುರಗಳ ಎಣಿಕೆ ಬೇಕಾಗುತ್ತದೆ. ಅಲ್ಲಿಯವರೆಗೆ ಕುಲದ ಹೆಸರಿನಲ್ಲೇ ನಿಲ್ಲಿಸುವುದು ಪ್ರಾಮಾಣಿಕತೆ. ಮುಟ್ಟದಿದ್ದರೆ ಒಳ್ಳೆಯದು. ಮುಟ್ಟಲೇಬೇಕಾದರೆ ಬರೀ ನೀರಿನಲ್ಲಿ ಒದ್ದೆ ಮಾಡಿದ ಕೈ. ಸುಣ್ಣ, ಉಪ್ಪು, ಸಾಬೂನು ತಾಗಿದ ಕೈ ಬೇಡ, ಏಕೆಂದರೆ ಅದು ಚರ್ಮದಿಂದಲೂ ಉಸಿರಾಡುತ್ತದೆ. ಹಾವೆಂದು ತಿಳಿದು ಇದನ್ನು ಕಡಿದು ಎಸೆಯುವುದು ನನಗೆ ಬಹಳ ಬೇಸರದ ವಿಷಯ. ಕೆಲಸಕ್ಕೆ ಬರುವ ಅಕ್ಕಂದಿರಿಗೆ ಫೋನಿನಲ್ಲಿ ಫೋಟೋ ತೋರಿಸಿ, ಮಣ್ಣಿನ ಹುಳ ತಿಂದು ಬದುಕುವ ಪ್ರಾಣಿ ಎಂದು ಹೇಳಿದರೆ ಮುಂದಿನ ಸಲ ಅವರೇ ಕರೆಯುತ್ತಾರೆ.

ಕಾಡುಪಾಪಕ್ಕೆ ಹೆಡ್‌ಲ್ಯಾಂಪ್ ಬೇಕು, ಕೈಯಲ್ಲಿ ತಗ್ಗಿಸಿ ಹಿಡಿದ ಟಾರ್ಚ್ ಆಗದು. ಅದರ ಕಣ್ಣು ಬೆಳಕನ್ನು ಬಂದ ದಿಕ್ಕಿಗೇ ಮರಳಿಸುವುದರಿಂದ ದೀಪ ನಮ್ಮ ಕಣ್ಣಿನ ಮಟ್ಟದಲ್ಲಿದ್ದರೆ ಮಾತ್ರ ಹೊಳಪು ಕಾಣುವುದು. ದೀಪಕ್ಕೆ ಕೆಂಪು ಜಿಲೆಟಿನ್ ಕಾಗದ ಕಟ್ಟಿ, ಅದು ಸಿಕ್ಕಿದ ಮೇಲೆ ಬಿಳಿ ಬೆಳಕು ಹಾಯಿಸಲೇಬೇಡಿ. ಅಕ್ಕಪಕ್ಕ ಎರಡು ಕೆಂಪು ಕೆಂಡದಂಥ ಚುಕ್ಕೆ ನೇರ ನಿಮ್ಮನ್ನೇ ನೋಡುತ್ತಾ ನಿಧಾನ ಸರಿದರೆ ಕಾಡುಪಾಪ. ಉದ್ದ ಬಾಲ ಇಳಿಬಿದ್ದಿದ್ದರೆ ಹಾರುಬೆಕ್ಕು (ಹಾರುವ ಅಳಿಲು) ಅಥವಾ ಕಬ್ಬೆಕ್ಕು. ನೆಲದಲ್ಲಿ ನೀಲಿ-ಹಸಿರು ಕಿಡಿಗಳು ಜೇಡದ ಕಣ್ಣುಗಳು. ಕಾಡುಪಾಪ ನೆಗೆಯಲಾರದು, ಕೊಂಬೆಯಿಂದ ಕೊಂಬೆಗೆ ಹಿಡಿದೇ ದಾಟಬೇಕು. ಆದ್ದರಿಂದ ಬಿಡಿಬಿಡಿಯಾಗಿ ನಿಂತ ಅಡಿಕೆ ಮರಗಳಲ್ಲಿ ಹುಡುಕದೆ ತೋಟ ಗುಡ್ಡಕ್ಕೆ ತಾಗುವಲ್ಲಿ ಹೆಣೆದ ಬೇಲಿ, ಬಳ್ಳಿ, ಪೊದೆಗಳನ್ನು ನೋಡಿ. ಬೇಲಿ ಸವರುವಾಗ ಒಂದೆರಡು ಕಡೆ ಬಳ್ಳಿಯ ಸೇತುವೆ ಉಳಿಸಿ ಎಂದು ತೋಟದವರಲ್ಲಿ ನಾನು ಕೇಳಿಕೊಳ್ಳುತ್ತೇನೆ.

ದಾಖಲೆಗೆ ದಿನ, ಹೊತ್ತು, ನೆಲದಿಂದ ಎತ್ತರ, ಹಿಂದಿನ ದಿನ ಮಳೆ ಇತ್ತೇ, ಊರಿನವರು ಕರೆಯುವ ಹೆಸರು, ಇಷ್ಟು ಸಾಕು. ಜೀವಿಗಳ ಫೋಟೋ ದಾಖಲಿಸುವ ಐನ್ಯಾಚುರಲಿಸ್ಟ್ ಜಾಲತಾಣಕ್ಕೆ ಓತಿಯ ಫೋಟೋ ಹಾಕಬಹುದು. ಕಾಡುಪಾಪ, ಚಿಪ್ಪುಹಂದಿಗಳದ್ದಾದರೆ ಜಾಗವನ್ನು ಮಸುಕು ಮಾಡುವ ಆಯ್ಕೆ ಒತ್ತಿ. ಆಗ ನಿಜವಾದ ಸ್ಥಳದ ಬದಲು ಅಕ್ಷಾಂಶ-ರೇಖಾಂಶದ 0.2 ಡಿಗ್ರಿ ಚೌಕದೊಳಗಿನ ಯಾವುದೋ ಬಿಂದು ಕಾಣುತ್ತದೆ. ವಾಟ್ಸ್ಆ್ಯಪ್ ಗುಂಪಿನಲ್ಲಿ ಹಂಚುವುದಾದರೆ ತೋಟದ ಹೆಸರು ಬರೆಯಬೇಡಿ. ಚಿಪ್ಪಿಗಾಗಿ, ಮಾಟಕ್ಕಾಗಿ ಇವನ್ನು ಹಿಡಿಯುವವರು ಇದ್ದಾರೆ.