ಮಗು ಒಂದು ಕಡೆ, ಅಮ್ಮ ಇನ್ನೊಂದು ಕಡೆ ಕೂರಬೇಕಿಲ್ಲ
ಕಡಿಮೆ ದರದ ವಿಮಾನ ಟಿಕೆಟ್ ತೆಗೆದುಕೊಂಡು ಮಕ್ಕಳ ಜೊತೆ ಹೊರಟವರು ಗಮನಿಸಿ. 12 ವರ್ಷದವರೆಗಿನ ಮಕ್ಕಳಿಗೆ, ಅದೇ ಪಿಎನ್‌ಆರ್‌ನಲ್ಲಿರುವ (ಬುಕಿಂಗ್ ಸಂಖ್ಯೆ) ಅಪ್ಪ, ಅಮ್ಮ ಅಥವಾ ಪೋಷಕರಲ್ಲಿ ಒಬ್ಬರ ಪಕ್ಕವಾದರೂ ಸೀಟು ಕೊಡಬೇಕು ಎಂದು ವಿಮಾನಯಾನ ನಿಯಂತ್ರಣ ಸಂಸ್ಥೆ ಡಿಜಿಸಿಎ 2024ರ ಏಪ್ರಿಲ್‌ನಲ್ಲೇ ವಿಮಾನ ಕಂಪನಿಗಳಿಗೆ ಹೇಳಿದೆ. ನಾಲ್ಕು ವರ್ಷದ ಮಗುವನ್ನು ಗುರುತಿಲ್ಲದವರ ನಡುವೆ ಕೂರಿಸುವುದು ಯಾವ ನ್ಯಾಯ ಹೇಳಿ?

ಇಲ್ಲಿ ಮುಖ್ಯವಾದದ್ದು ಪಿಎನ್‌ಆರ್. ಆಫರ್ ಸಿಕ್ಕಿತೆಂದು ಅಪ್ಪನದ್ದೊಂದು, ಮಕ್ಕಳದ್ದೊಂದು ಬುಕಿಂಗ್ ಮಾಡಬೇಡಿ. ಎಲ್ಲರದ್ದೂ ಒಂದರಲ್ಲೇ ಇರಲಿ, ಮಗುವಿನ ವಯಸ್ಸು ಸರಿಯಾಗಿ ನಮೂದಿಸಿ. ಸೀಟಿನ ನಕ್ಷೆಯಲ್ಲಿ ಬರೀ ದುಡ್ಡಿನ ಸೀಟುಗಳೇ ಕಂಡರೆ ಗಾಬರಿಯಾಗಿ ಹಣ ಕಟ್ಟಬೇಡಿ. ವೆಬ್ ಚೆಕ್-ಇನ್ ಬೇಗ ಮಾಡಿ. ಆದರೂ ಬೇರೆಯಾದರೆ ಕೌಂಟರಿನಲ್ಲೇ ಈ ನಿಯಮ ಹೇಳಿ ಕೇಳಿ. ವಿಮಾನ ಹತ್ತಿದ ಮೇಲೆ ಸೀಟು ಬದಲಿಸಿಕೊಳ್ಳುವುದು ಕಷ್ಟ. ಹಾಂ, ಇಡೀ ಕುಟುಂಬ ಒಂದೇ ಸಾಲಿನಲ್ಲಿ ಬೇಕೆಂದರೆ ಮಾತ್ರ ದುಡ್ಡು ಕೊಡಬೇಕಾಗಬಹುದು.