ಬಿರುಕು ಬಿಡದ ಮೇಣ: ಗಿರಿಲೋಯೊದ ಒಂದು ಮನೆಯಲ್ಲಿ ನಾನು ಬಾಟಿಕ್ ಕಲಿತದ್ದು

ಮೇಣ ಹಚ್ಚಿದ ಜಾಗಕ್ಕೆ ಬಣ್ಣ ಹತ್ತದಂತೆ ಮಾಡಿ ಬಟ್ಟೆಯಲ್ಲಿ ಚಿತ್ತಾರ ಮೂಡಿಸುವ ಬಾಟಿಕ್ ಎಂದರೆ ಬಿರುಕು ಎಂದೇ ನಾನು ಹನ್ನೆರಡು ವರ್ಷ ನಂಬಿದ್ದೆ. ಬೆಂಗಳೂರಿನಲ್ಲಿ ಕಲಿಯುವಾಗ ಕುಂಚದಿಂದ ಮೇಣ ಬಳಿಯುತ್ತಿದ್ದೆವು; ಅದು ಆರಿದ ಮೇಲೆ ಬಟ್ಟೆಯನ್ನು ಮುಷ್ಟಿಯಲ್ಲಿ ಹಿಸುಕಿ ಬಣ್ಣದ ತೊಟ್ಟಿಗೆ ಇಳಿಸುತ್ತಿದ್ದೆವು. ಒಡೆದ ಮೇಣದ ಸಂದುಗಳಲ್ಲಿ ಬಣ್ಣ ನುಗ್ಗಿ ಜೇಡರ ಬಲೆಯಂಥ ಗೆರೆಗಳು ಮೂಡಿದರೆ ಕೆಲಸ ಗೆದ್ದಂತೆ. ರವೀಂದ್ರನಾಥ ಠಾಕೂರರು 1927ರಲ್ಲಿ ಇಂಡೋನೇಷ್ಯಾದ ಜಾವಾ ದ್ವೀಪಕ್ಕೆ ಹೋಗಿಬಂದ ಮೇಲೆ ಶಾಂತಿನಿಕೇತನದಲ್ಲಿ ಬೇರೂರಿದ ಈ ಕಲೆ ನಮ್ಮ ಕೈಗೆ ಬರುವ ಹೊತ್ತಿಗೆ ಹೀಗೆ ತನ್ನದೇ ರೂಪ ತಳೆದಿತ್ತು. ಆದ್ದರಿಂದ ಜಾವಾದ ಒಂದು ಮನೆಯಲ್ಲಿ ಮೂರು ತಿಂಗಳು ಕುಳಿತು ಕಲಿಯುವ ಅವಕಾಶ ಸಿಕ್ಕಾಗ ನಾನು ನನ್ನ ಅತ್ಯುತ್ತಮವೆಂದುಕೊಂಡಿದ್ದ ಬಟ್ಟೆಯೊಂದನ್ನು ಮಡಚಿ ಪೆಟ್ಟಿಗೆಯಲ್ಲಿಟ್ಟುಕೊಂಡೇ ಹೊರಟೆ.

ಆ ಮನೆ ಇರುವುದು ಯೋಗ್ಯಕರ್ತದ ದಕ್ಷಿಣಕ್ಕೆ, ಬಾಂತುಲ್ ಜಿಲ್ಲೆಯ ಗಿರಿಲೋಯೊದಲ್ಲಿ. ಸುಲ್ತಾನ್ ಅಗುಂಗ್ 17ನೆಯ ಶತಮಾನದಲ್ಲಿ ಕಟ್ಟಿಸಿದ ಇಮೋಗಿರಿಯ ರಾಜಸಮಾಧಿಗಳು ಹತ್ತಿರದ ಬೆಟ್ಟದ ಮೇಲಿವೆ. ಇಮೋಗಿರಿ ಎಂಬುದು ನಮ್ಮ ‘ಹಿಮಗಿರಿ’ಯೇ ಎಂದು ಅಲ್ಲಿಯವರು ಹೇಳಿದಾಗ, ಹಿಮವೇ ಬೀಳದ ಆ ಸೆಖೆಯಲ್ಲಿ ನನಗೆ ನಗು ಬಂದಿತ್ತು. ಮನೆಯಲ್ಲಿ ಎಪ್ಪತ್ತು ದಾಟಿದ ಅಜ್ಜಿ, ಆಕೆಯ ಮಗಳು, ಬಣ್ಣದ ಕೆಲಸ ನೋಡಿಕೊಳ್ಳುವ ಅಳಿಯ, ಕಾಲೇಜಿಗೆ ಹೋಗುವ ಮೊಮ್ಮಗಳು. ಅಜ್ಜಿ ಆಡುತ್ತಿದ್ದುದು ಜಾವಾ ಭಾಷೆ. ಮೊಮ್ಮಗಳೇ ನನಗೆ ದುಭಾಷಿ. ಮೊದಲ ದಿನ ನನ್ನ ಬಟ್ಟೆಯನ್ನು ಬಿಚ್ಚಿ ತೋರಿಸಿದೆ. ಅಜ್ಜಿ ಅದನ್ನು ಬೆಳಕಿಗೆ ಹಿಡಿದು, ಬಿರುಕಿನ ಗೆರೆಗಳ ಮೇಲೆ ಹೆಬ್ಬೆರಳು ಆಡಿಸಿ, ‘ರೆಮೆಕ್’ ಎಂದರು. ಪುಡಿಯಾಗಿದೆ, ಮುರಿದಿದೆ ಎಂದು ಅದರ ಅರ್ಥ. ದಾರಿಯಲ್ಲಿ ತರುವಾಗ ಹಾಳಾಯಿತೇ ಎಂದು ಅವರು ಕನಿಕರದಿಂದ ಕೇಳಿದ್ದನ್ನು ಮೊಮ್ಮಗಳು ಸ್ವಲ್ಪ ತಡವರಿಸಿಯೇ ಅನುವಾದಿಸಿದಳು.

ಜಾವಾದಲ್ಲೇ ವೊನೊಗಿರಿಯಂಥ ಕಡೆ ಬಿರುಕನ್ನು ಬೇಕೆಂದೇ ಮೂಡಿಸುವ ಶೈಲಿಯುಂಟು ಎಂಬುದು ನನಗೆ ಆಮೇಲೆ ತಿಳಿಯಿತು. ಆದರೆ ಯೋಗ್ಯಕರ್ತದ ಬಟ್ಟೆಯಲ್ಲಿ ನೆಲದ, ಅಂದರೆ ಚಿತ್ತಾರದ ಹಿನ್ನೆಲೆಯ, ಬಿಳುಪು ಅಚ್ಚಬಿಳುಪಾಗಿಯೇ ಇರಬೇಕು. ನೆರೆಯ ಸೋಲೋದವರು ನೆಲಕ್ಕೆ ಕೆನೆಬಣ್ಣ ಬರುವಂತೆ ಮಾಡುತ್ತಾರೆ. ಇಲ್ಲಿ ಬಿಳಿ, ಕಪ್ಪಿಗೆ ಸಮೀಪದ ನೀಲಿ ಮತ್ತು ಕಂದು ಮೂರೂ ಒಂದರ ಗಡಿಯನ್ನೊಂದು ಮೀರಕೂಡದು. ಅಂಥ ಬಿಳುಪಿನಲ್ಲಿ ಒಂದೇ ಒಂದು ನೀಲಿ ಎಳೆ ಕಂಡರೂ ಅದು ಮೈಮೇಲಿನ ಗಾಯದ ಗುರುತಿನಂತೆ ಎದ್ದು ಕಾಣುತ್ತದೆ.

ಹಾಗಾಗಿ ನನ್ನ ಕಲಿಕೆ ಮೇಣದಿಂದಲೇ ಮೊದಲಾಯಿತು. ಅಲ್ಲಿಯ ಮೇಣಕ್ಕೆ ಮಾಲಾಮ್ ಎನ್ನುತ್ತಾರೆ, ಅದು ಒಂದೇ ವಸ್ತುವಲ್ಲ. ಜೇನುಮೇಣ ಬಳುಕು ಕೊಡುತ್ತದೆ. ಪೈನ್ ಮರದ ರಾಳ ಅಂಟು ಕೊಡುತ್ತದೆ. ದಾಮರ್ ರಾಳ ಸಣ್ಣ ಗೆರೆಯನ್ನು ಗಟ್ಟಿಯಾಗಿ ಹಿಡಿದಿಡುತ್ತದೆ. ದನದ ಕೊಬ್ಬು ಬೇಗ ಕರಗಿಸಿ, ಕೊನೆಯಲ್ಲಿ ಬಟ್ಟೆಯಿಂದ ಸುಲಭವಾಗಿ ಬಿಡಿಸುತ್ತದೆ. ಪ್ಯಾರಾಫಿನ್ ಅಗ್ಗ, ಆದರೆ ಪೆಡಸು. ನಾನು ಊರಿನಲ್ಲಿ ಅರ್ಧಕ್ಕಿಂತ ಹೆಚ್ಚು ಪ್ಯಾರಾಫಿನ್ ಬೆರೆಸುತ್ತಿದ್ದೆ, ಬಿರುಕು ಬರುತ್ತಿದ್ದುದು ಅದರಿಂದಲೇ. ಗೆರೆ ಎಳೆಯುವ ಮೇಣವನ್ನು ಆಮೇಲೆ ಕೆರೆದು ತೆಗೆಯಬೇಕಾದ್ದರಿಂದ ಅದರ ಹದ ಒಂದು. ನೆಲವನ್ನು ಮುಚ್ಚುವ ಮೇಣ ಕೊನೆಯವರೆಗೂ ಬಟ್ಟೆಯನ್ನು ಬಿಡಬಾರದಾದ್ದರಿಂದ ಅದರ ಹದ ಇನ್ನೊಂದು. ಈ ಎರಡನ್ನೂ ಒಂದೇ ಬಾಣಲೆಯಲ್ಲಿ ಕರಗಿಸಿಕೊಂಡು ಹನ್ನೆರಡು ವರ್ಷ ಕೆಲಸ ಮಾಡಿದವಳು ನಾನು.

ಮೇಣ ಎಳೆಯುವ ಸಾಧನ ಚಾಂಟಿಂಗ್: ಹಿಡಿಯ ತುದಿಗೆ ತಾಮ್ರದ ಪುಟ್ಟ ಬಟ್ಟಲು, ಬಟ್ಟಲಿಗೆ ಕೊಕ್ಕಿನಂಥ ನಳಿಕೆ. ಮೋಟು ಮಣೆಯ ಮೇಲೆ ಕುಳಿತು, ಚೌಕಟ್ಟಿಗೆ ಇಳಿಬಿಟ್ಟ ಬಟ್ಟೆಯ ಹಿಂದೆ ಎಡಗೈ ಕೊಟ್ಟು, ನಳಿಕೆಯ ಬಾಯಿ ಕಟ್ಟಿದಾಗ ಮೆಲ್ಲನೆ ಊದಿ ಬಿಡಿಸಿಕೊಂಡು, ಬಟ್ಟಲಿನ ಮೇಣ ಆರುವ ಮೊದಲೇ ಗೆರೆ ಮುಗಿಸಬೇಕು. ಮೇಣ ತೀರಾ ಕಾದಿದ್ದರೆ ಗೆರೆ ಹರಡಿಕೊಳ್ಳುತ್ತದೆ; ಕಾವು ಸಾಲದಿದ್ದರೆ ಬಟ್ಟೆಯ ಮೇಲೆ ಹಗ್ಗದಂತೆ ಉಬ್ಬಿ ನಿಂತು, ಎಳೆಯೊಳಗೆ ಇಳಿಯುವುದೇ ಇಲ್ಲ. ಸರಿಯಾದ ಗೆರೆ ಬಟ್ಟೆಯ ಹಿಂಬದಿಯಲ್ಲೂ ಕಾಣಬೇಕು, ಮತ್ತು ಹಿಂಬದಿಯಿಂದಲೂ ಅದೇ ಗೆರೆಗಳ ಮೇಲೆ ಇನ್ನೊಮ್ಮೆ ಮೇಣ ಎಳೆಯಬೇಕು. ನನಗೆ ಕೊಟ್ಟದ್ದು ಆ ಮನೆಯ ಮಕ್ಕಳಿಗೆ ಮೊದಲು ಕೊಡುವ ಕೆಲಸವನ್ನೇ, ಅಂದರೆ ದಪ್ಪ ನಳಿಕೆಯಿಂದ ನೆಲ ಮುಚ್ಚುವುದು. ನಾಲ್ಕು ವಾರ ಅದನ್ನಷ್ಟೇ ಮಾಡಿದೆ. ಆರಂಭದಲ್ಲಿ ಅವಮಾನವೆನಿಸಿತ್ತು ಎಂದು ಒಪ್ಪಿಕೊಳ್ಳುತ್ತೇನೆ.

ಆ ನಾಲ್ಕು ವಾರಗಳಲ್ಲಿ ಪಕ್ಕದಲ್ಲೇ ಕುಳಿತಿದ್ದ ಅಜ್ಜಿಯ ಕಥೆ ತುಣುಕು ತುಣುಕಾಗಿ ದೊರೆಯಿತು. ಆ ಊರಿನ ಹೆಂಗಸರು ದಶಕಗಳ ಕಾಲ ಮೇಣ ಎಳೆದ ಬಟ್ಟೆಯನ್ನು ಬಣ್ಣ ಕಾಣುವ ಮೊದಲೇ ಪಟ್ಟಣದ ವರ್ತಕರಿಗೆ ಮಾರುತ್ತಿದ್ದರಂತೆ. ಎಲ್ಲೋ ಬಣ್ಣವಾಗಿ ಇನ್ನಾರದೋ ಹೆಸರಿನಲ್ಲಿ ಮಾರಾಟವಾಗುತ್ತಿದ್ದ ತಮ್ಮ ಕೈಕೆಲಸ ಮುಗಿದ ಮೇಲೆ ಹೇಗಿರುತ್ತದೆಂದು ಅವರು ನೋಡಿದ್ದೇ ಅಪರೂಪ. ಬಿರುಕು ಬಿಟ್ಟಿತೆಂದು ಕೂಲಿ ಮುರಿದುಕೊಂಡಾಗಲೂ ಆ ಬಿರುಕು ಅವರ ಕಣ್ಣಿಗೆ ಬೀಳುತ್ತಿರಲಿಲ್ಲ. 2006ರ ಮೇ 27ರ ಮುಂಜಾನೆ ಬಾಂತುಲ್‌ನಲ್ಲಿ ಸಾವಿರಾರು ಜನರನ್ನು ಬಲಿ ತೆಗೆದುಕೊಂಡ ಭೂಕಂಪ ಈ ಊರನ್ನೂ ನೆಲಸಮ ಮಾಡಿತು. ಆಮೇಲೆ ನೆರವಿಗೆ ಬಂದವರು ಸಸ್ಯಮೂಲದ ಬಣ್ಣ ಹಾಕುವುದನ್ನು ಕಲಿಸಿದ ಮೇಲೆಯೇ ಅಲ್ಲಿಯ ಮನೆಗಳು ಬಟ್ಟೆಯನ್ನು ಕೊನೆಯವರೆಗೆ ತಾವೇ ಮಾಡಿ, ತಾವೇ ಮಾರತೊಡಗಿದ್ದು. ಇಂಡೋನೇಷ್ಯಾದ ಬಾಟಿಕ್ಕಿಗೆ 2009ರಲ್ಲಿ ಯುನೆಸ್ಕೊ ಮನ್ನಣೆ ಸಿಕ್ಕಿದ ಅಕ್ಟೋಬರ್ 2ನ್ನು ಈಗ ದೇಶವೆಲ್ಲ ಬಾಟಿಕ್ ದಿನವೆಂದು ಆಚರಿಸುತ್ತದೆ. ಅದು ನಮಗೆ ಗಾಂಧಿ ಜಯಂತಿ ಎಂದಾಗ ಅಜ್ಜಿ ತಲೆಯಾಡಿಸಿದರು. ಅವರಿಗೆ ಮುಖ್ಯವಾದ ದಿನ ಅದಲ್ಲ. ತಾವು ಗೆರೆ ಎಳೆದ ಬಟ್ಟೆಯೊಂದು ನೀಲಿಯಿಂದ ಎದ್ದುಬಂದು ಮೊದಲ ಸಲ ತಮ್ಮದೇ ಅಂಗಳದಲ್ಲಿ ತೂಗಿದ ದಿನ.

ಐದನೆಯ ವಾರದಲ್ಲಿ ನನ್ನದೇ ಬಟ್ಟೆಗೆ ಕೈಹಾಕಿದೆ. ವಿನ್ಯಾಸ ಕಾವುಂಗ್: ತಾಟಿನುಂಗಿನಂಥ ತಾಳೆಜಾತಿಯ ಹಣ್ಣನ್ನು ಅಡ್ಡಲಾಗಿ ಕೊಯ್ದಂತೆ ನಾಲ್ಕು ಮೊಟ್ಟೆಯಾಕಾರಗಳು ಎದುರುಬದುರು. ಒಂದು ಕಾಲಕ್ಕೆ ಅರಮನೆಯವರಿಗಷ್ಟೇ ಮೀಸಲಾಗಿದ್ದ ಚಿತ್ತಾರಗಳಲ್ಲಿ ಇದೂ ಒಂದು. ನೋಡಲು ಸರಳ, ಆದರೆ ಒಂದು ಮೊಟ್ಟೆ ಡೊಂಕಾದರೆ ಇಡೀ ಸಾಲು ಕುಂಟುತ್ತದೆ. ಮೇಣ ಮುಗಿಸಲು ಮೂರು ವಾರ ಹಿಡಿಯಿತು.

ನೀಲಿಯ ತೊಟ್ಟಿಯಲ್ಲಿ ನನ್ನ ಹಳೆಯ ಕೈ ಮೋಸ ಮಾಡಿತು. ಬಟ್ಟೆಯನ್ನು ಎರಡೂ ತುದಿ ಹಿಡಿದು, ಹರಡಿದಂತೆಯೇ ಅದ್ದಿ, ಹರಡಿದಂತೆಯೇ ಎತ್ತಬೇಕು. ಬಣ್ಣ ತಣ್ಣಗಿರಲೇಬೇಕು, ಇಲ್ಲವಾದರೆ ಮೇಣ ಕರಗುತ್ತದೆ. ಆದರೆ ತಣ್ಣಗಿನ ಬಣ್ಣದಲ್ಲಿ ಮೇಣ ಪೆಡಸಾಗುವುದರಿಂದ ಸಣ್ಣ ಮಡಿಕೆಯೂ ಬಿರುಕಾಗುತ್ತದೆ. ಅಳಿಯ ಇದನ್ನು ಎರಡು ಸಲ ತೋರಿಸಿದ್ದರೂ ಮೂರನೆಯ ಅದ್ದಿಗೆಯಲ್ಲಿ ನಾನು ಅಭ್ಯಾಸಬಲದಿಂದ ಒಂದು ಮೂಲೆಯನ್ನು ಮುದುಡಿ ಹಿಡಿದೆ. ಕೈಯೊಳಗೆ ಮೇಣ ಚಟಕ್ಕೆಂದದ್ದು ನನಗೇ ಕೇಳಿಸಿತು. ಆತ ಏನೂ ಹೇಳದೆ ಬಟ್ಟೆಯನ್ನು ನೆರಳಿಗೆ ಹಾಕಿ, ಅತ್ತೆಯನ್ನು ಕರೆದ. ಅಜ್ಜಿ ಚಿಕ್ಕ ನಳಿಕೆಯಲ್ಲಿ ಮೇಣ ತುಂಬಿಕೊಂಡು ಎರಡು ಬದಿಯಿಂದಲೂ ಆ ಮೂಲೆಯನ್ನು ಮುಚ್ಚಿಕೊಟ್ಟರು. ಇನ್ನೂ ಏಳು ಸಲ ಅದ್ದುವುದಿತ್ತು.

ನೀಲಿ ಸಾಕಾದ ಮೇಲೆ ಕಂದು ಬರಬೇಕಾದ ಗೆರೆಗಳ ಮೇಣವನ್ನು ತಗಡಿನ ಅಲಗಿನಿಂದ ಕೆರೆದು, ನೀಲಿಯಾಗಿಯೇ ಉಳಿಯಬೇಕಾದ ಜಾಗಕ್ಕೆ ಮತ್ತೆ ಮೇಣ ಹಚ್ಚಿ, ಸೋಗ ಎಂಬ ಕಂದುಬಣ್ಣಕ್ಕೆ ಇಳಿಸಿದೆವು. ಸೋಗಕ್ಕೆ ಬಳಸುವ ತೊಗಟೆಗಳಲ್ಲಿ ಒಂದರ ಮರವನ್ನು ತೋರಿಸಿದಾಗ ಬೆರಗಾದೆ: ಬೆಂಗಳೂರಿನ ಬೀದಿಗಳಲ್ಲಿ ಬೇಸಿಗೆಗೆ ಹಳದಿ ಹೂವು ಸುರಿಸುವ ಕಾಪರ್‌ಪಾಡ್ ಮರವೇ ಅದು. ಅದರಡಿಯಲ್ಲಿ ಸ್ಕೂಟರ್ ನಿಲ್ಲಿಸಿ, ಅಂಗಡಿಯ ರಾಸಾಯನಿಕ ಕಂದು ಕೊಳ್ಳಲು ಹೋಗುತ್ತಿದ್ದೆನಲ್ಲ! ಬಣ್ಣ ನಿಲ್ಲಲು ಸುಣ್ಣದ ತಿಳಿಯಿದೆ, ಪಟಿಕವಿದೆ, ಗಾಢವಾಗಲು ಅನ್ನಭೇದಿಯಿದೆ; ಇವೆಲ್ಲ ನಮಗೆ ಹೊಸತಲ್ಲ.

ಕೊನೆಗೆ ಕುದಿಯುವ ಹಂಡೆಯಲ್ಲಿ ಬಟ್ಟೆಯನ್ನು ಎತ್ತಿ ಮುಳುಗಿಸಿ ಮೇಣ ಬಿಡಿಸಿದೆವು. ಮೇಲೆ ತೇಲಿದ ಮೇಣವನ್ನು ಮಗಳು ಮುಂದಿನ ಬಟ್ಟೆಗೆಂದು ಬಸಿದಿಟ್ಟುಕೊಂಡರು. ಅಂಗಳದ ತಂತಿಯಲ್ಲಿ ತೂಗಿದ ನನ್ನ ಕಾವುಂಗ್ ದೂರಕ್ಕೆ ಶುಭ್ರವಾಗಿಯೇ ಕಂಡಿತು. ಅಜ್ಜಿ ನೇರವಾಗಿ ಆ ಮೂಲೆಗೇ ಹೋಗಿ, ಬಟ್ಟೆಯನ್ನು ತಿರುವಿ ಹಿಂಬದಿ ನೋಡಿದರು. ಕೂದಲೆಳೆಯಂಥ ಮೂರು ನೀಲಿ ಗೆರೆಗಳಿದ್ದವು. ಹೆಬ್ಬೆರಳಿಂದ ಒಂದೊಂದನ್ನೇ ಮುಟ್ಟಿ ಎಣಿಸಿ, ಬಟ್ಟೆಯನ್ನು ಮತ್ತೆ ಸರಿಯಾಗಿ ತಂತಿಗೆ ಹಾಕಿ, ಊಟಕ್ಕೆ ಬಾ ಎಂದು ಕೈಸನ್ನೆ ಮಾಡಿ ಒಳಗೆ ಹೋದರು.